ಗ್ರಾಹಕರ ಹೆಸರನ್ನು ಅವರನ್ನೇ ಕೇಳಿ ತಿದ್ದಲಿ

ಮಾನ್ಯ ಸಂಪಾದಕರೇ,

ಸಹಕಾರಿ ಸಂಘಗಳು, ಅಡುಗೆ ಅನಿಲದ ಏಜೆನ್ಸಿಗಳು, ಫೈನಾನ್ಸ್ ಸಂಸ್ಥೆಗಳು ಹಳೆಯ ಲೆಡ್ಜರನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವಾಗ ಗ್ರಾಹಕರ ಹೆಸರುಗಳಲ್ಲಿರುವ ತಪ್ಪುಗಳನ್ನೂ ತಿದ್ದಲು ಹೊರಡುತ್ತವೆ. ದೇಶದ ಸುಮಾರು 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಇದು ಹಳ್ಳಿಯ ಸೊಸೈಟಿಗಳಿಗೂ ಸಂಬಂಧಿಸಿದ ವಿಷಯವಾಗಿದೆ. ಹೆಸರಿನ ಒಡೆಯರನ್ನು ಕೇಳದೆ, ಕಚೇರಿಯಲ್ಲಿ ಕುಳಿತು ಊಹೆಯಿಂದ ಈ ತಿದ್ದುಪಡಿ ಮಾಡಬಾರದೆಂಬುದು ನನ್ನ ವಿನಂತಿ.

ಅಂಕೋಲಾ, ಕುಮಟಾ ಕಡೆ ‘ನಾಯಕ’ ಮತ್ತು ‘ನಾಯ್ಕ’ ಎಂಬ ಎರಡು ಅಡ್ಡಹೆಸರುಗಳಿದ್ದು, ಅವು ಬೇರೆ ಬೇರೆ ಸಮುದಾಯದವರವು. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ, ಅದನ್ನು ಮರಳಿ ಕನ್ನಡಕ್ಕೆ ತಿರುಗಿಸುವ ತಂತ್ರಾಂಶಕ್ಕೆ ಯಾರು ಯಾರೆಂದು ತಿಳಿಯುವ ದಾರಿಯೇ ಇಲ್ಲ. ಶಿರಸಿ, ಸಿದ್ದಾಪುರದ ಕಡೆ ಒಂದೇ ಊರಿನಲ್ಲಿ ಮೂರ್ನಾಲ್ಕು ಗಣಪತಿ ಹೆಗಡೆಯವರು ಇರುವುದು ಅಪರೂಪವಲ್ಲ. ತಂದೆಯ ಹೆಸರಿನ ಮೊದಲಕ್ಷರವೂ ಒಂದೇ ಆಗಿದ್ದರೆ, ಒಂದೇ ಹೆಸರು ಎರಡು ಸಲ ದಾಖಲಾಗಿದೆಯೆಂದು ಭಾವಿಸಿ ಇಬ್ಬರ ಖಾತೆಯನ್ನು ಕೂಡಿಸಿಬಿಟ್ಟಲ್ಲಿ ಒಬ್ಬರ ಅಡಿಕೆಯ ಹಣ ಇನ್ನೊಬ್ಬರ ಸಾಲಕ್ಕೆ ಜಮಾ ಆದೀತು. ಮೊಬೈಲ್ ಸಂಖ್ಯೆ ಒಂದೇ ಇದೆಯೆಂಬುದೂ ಸಾಕ್ಷಿಯಲ್ಲ, ಏಕೆಂದರೆ ಅಪ್ಪ, ಮಗ, ಸೊಸೆ ಎಲ್ಲರಿಗೂ ಒಂದೇ ಸಂಖ್ಯೆ ಕೊಟ್ಟ ಮನೆಗಳು ಬೇಕಾದಷ್ಟಿವೆ. ಸದಸ್ಯತ್ವ ಸಂಖ್ಯೆ, ಜಮೀನಿನ ಸರ್ವೆ ನಂಬರ್, ಊರು ಇವನ್ನೆಲ್ಲ ತಾಳೆ ನೋಡಿದ ಮೇಲೂ ಅನುಮಾನ ಉಳಿದರೆ ಎರಡು ಖಾತೆಗಳನ್ನು ಹಾಗೆಯೇ ಬಿಡುವುದು ಲೇಸು.

ಮಹಿಳೆಯರ ಹೆಸರುಗಳ ಪಾಡು ಇನ್ನೂ ಕಷ್ಟದ್ದು. ಪಹಣಿಯಲ್ಲಿ ‘ನಾಗಿ ಕೋಂ ಮಾಸ್ತಿ ಗೌಡ’ ಎಂದಿರುವುದನ್ನು ಹೆಸರು, ನಡುಹೆಸರು, ಅಡ್ಡಹೆಸರು ಎಂಬ ಮೂರು ಅಂಕಣಗಳಿಗೆ ಹಂಚಿದರೆ ‘ಹೆಂಡತಿ’ ಎಂಬರ್ಥದ ‘ಕೋಂ’ ಎಂಬುದೇ ನಡುಹೆಸರಾಗಿ ಕೂರುತ್ತದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದ್ದ ಪಟ್ಟಿ ಯೂನಿಕೋಡಿಗೆ ಬರುವಾಗ ಒತ್ತಕ್ಷರ ಕೆಡುವುದೂ ಉಂಟು. ಆದರೆ ಅದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ನನಗೆ ಅಷ್ಟು ಚಿಂತೆಯಿಲ್ಲ. ಸರಿಯಾಗಿಯೇ ಕಾಣುವ ತಪ್ಪು ಹೆಸರು ಹೆಚ್ಚು ಅಪಾಯಕಾರಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶವಿರುವಾಗ, ಸಂಸ್ಥೆಯ ತಪ್ಪಿಗೆ ಹೊಂದಿಸಲು ಗ್ರಾಹಕರೇ ಆಧಾರ್ ತಿದ್ದಿಸಿಕೊಂಡು ಬರಲಿ ಎನ್ನುವುದು ನ್ಯಾಯವಲ್ಲ. ತಮ್ಮ ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಹೇಳಲಾಗಿದೆ.

ಮತದಾರರ ಪಟ್ಟಿಯ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕರೆಯುವ ಕ್ರಮ ನಮಗೆ ಹೊಸತಲ್ಲ. ಆದರೆ ಸಾಲಗಾರರ ಹೆಸರನ್ನು ಸೂಚನಾ ಫಲಕಕ್ಕೆ ಹಚ್ಚುವುದು ಸಲ್ಲದು. ಅದರ ಬದಲು ಸಂಘಗಳು ವಾರ್ಷಿಕ ಸಭೆಯ ನೋಟಿಸಿನ ಜೊತೆಗೇ ಆಯಾ ಸದಸ್ಯರ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು ತಮ್ಮಲ್ಲಿ ದಾಖಲಾಗಿರುವಂತೆಯೇ ಮುದ್ರಿಸಿದ ಚೀಟಿ ಕಳಿಸಿ, ತಿದ್ದಿ ಸಹಿ ಮಾಡಿದ್ದನ್ನು ಹಿಂದಕ್ಕೆ ಪಡೆಯಲಿ. ಓದಲು ಬಾರದವರಿಗೆ ಕಾರ್ಯದರ್ಶಿಯೇ ಓದಿ ಹೇಳಲಿ. ಹಳೆಯ ನಮೂದನ್ನು ಅಳಿಸದೆ, ಯಾರು ಯಾವ ದಿನ ಬದಲಿಸಿದರೆಂಬುದನ್ನೂ ಅದರ ಪಕ್ಕದಲ್ಲೇ ಉಳಿಸಿಕೊಳ್ಳಲಿ.

– ಸಹಕಾರಿ ಸಂಘವೊಂದರ ಸದಸ್ಯ, ಕುಮಟಾ