ಉಣ್ಣೆಗೆ ಜಾಗವಿರಲಿ

ಓಸ್ಲೋದ ನಮ್ಮ ಕನ್ನಡ ಬಳಗದ ಪತ್ರಿಕೆಯ ಈ ಸಂಪಾದಕೀಯ ಹಾಸನದಿಂದ. ಹಾಸನಾಂಬೆಯ ಬಾಗಿಲು ತೆರೆದಿರುವಾಗಲೇ ರಜೆ ಸಿಕ್ಕಿತೆಂದು ಓಡಿ ಬಂದೆ. ದರ್ಶನದ ಸಾಲಿನಲ್ಲಿ ನಿಂತ ಕಾಲು ಇನ್ನೂ ನೋಯುತ್ತಿದೆ, ಅತ್ತ ಓಸ್ಲೋದಿಂದ ಪುಟ ಜೋಡಿಸುವವರ ಮೂರನೆಯ ಸಂದೇಶವೂ ಬಂದಿದೆ. ಜನವರಿ ಮೊದಲ ವಾರ ಬಳಗ ಹೊರಡಿಸುವ ಉತ್ತರ ನಾರ್ವೆಯ ಟ್ರೊಮ್ಸೊ ಪ್ರವಾಸಕ್ಕೆ ಈ ಸಲ ಊರಿನಿಂದ ಬರುವ ಅಪ್ಪ ಅಮ್ಮಂದಿರೇ ಹೆಚ್ಚು. ನಾನು ಇಲ್ಲಿದ್ದೇನೆಂದು ತಿಳಿದದ್ದೇ ತಡ, ಚಿಕ್ಕಮಗಳೂರು, ಸಕಲೇಶಪುರ ಎಲ್ಲ ಕಡೆಯಿಂದಲೂ ಫೋನು: ಏನೇನು ತರಬೇಕು? ನಮ್ಮ ಅಮ್ಮನ ಚಿಂತೆಯೇ ಬೇರೆ: “ಆಗ ಅಲ್ಲಿ ಸೂರ್ಯನೇ ಹುಟ್ಟುವುದಿಲ್ಲವಂತೆ. ಬೆಳಗಿನ ಕಾಫಿ ಎಷ್ಟು ಹೊತ್ತಿಗೆ?”

ಗಡಿಯಾರ ನೋಡಿ ಕುಡಿಯಬೇಕು, ಅಷ್ಟೆ. ಮಧ್ಯಾಹ್ನದ ಆಸುಪಾಸು ಒಂದಿಷ್ಟು ನೀಲಿ ಬೆಳಕು ಬಂದು ಹೋಗುತ್ತದೆ.

ಇಲ್ಲಿ ನೋಡಿದ ಪೆಟ್ಟಿಗೆಗಳ ತುಂಬ ಹತ್ತಿ ಬಟ್ಟೆ. ದಯವಿಟ್ಟು ತೆಗೆದಿಡಿ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಮೈಗೆ ಅಂಟಿರುತ್ತದೆ. ನಡಿಗೆ ನಿಲ್ಲಿಸಿದಿರೋ, ನಡುಕ ಶುರು. ಮೈಗೆ ತಾಗುವುದು ತೆಳು ಉಣ್ಣೆ, ಮೇಲೆ ದಪ್ಪ ಉಣ್ಣೆ, ಹೊರಗೆ ಗಾಳಿ ತಡೆಯುವ ಕೋಟು.

ಮೂಡಿಗೆರೆ ಕಡೆಯ ನನ್ನ ಅಜ್ಜನಿಗೆ ಇದನ್ನು ಯಾರೂ ಹೇಳಬೇಕಿರಲಿಲ್ಲ. ಆಷಾಢದ ಮಳೆಯಲ್ಲಿ ಗದ್ದೆಗೆ ಹೊರಟರೆ ತಲೆಯ ಮೇಲೆ ಕರಿ ಕಂಬಳಿಯ ಕೊಪ್ಪೆ. ಮರಳುವಾಗ ಅದು ನೀರು ಕುಡಿದು ನಾವು ಮಕ್ಕಳು ಇಬ್ಬರು ಸೇರಿ ಹೊರುವಷ್ಟು ಭಾರ. ಆದರೂ ಅಜ್ಜನ ಬೆನ್ನು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಪೇಟೆಯಿಂದ ಪ್ಲಾಸ್ಟಿಕ್ ಕೋಟು ತಂದಿದ್ದ ಚಿಕ್ಕಪ್ಪ ಮಾತ್ರ ಒಳಗೇ ಬೆವರಿ, ಚಳಿಗೆ ಹಲ್ಲು ಕಟಕಟಿಸುತ್ತ ಬರುತ್ತಿದ್ದರು. ಬಚ್ಚಲ ಒಲೆಯ ಮೇಲಿನ ಬಿದಿರಿನ ಗಳುವಿಗೆ ಕಂಬಳಿ ಹಾಕಿದರೆ ರಾತ್ರಿಯೆಲ್ಲ ಹಬೆಯಾಡುತ್ತಿತ್ತು. ಮನೆ ತುಂಬ ಕುರಿಯ ವಾಸನೆ, ಹೊಗೆಯ ವಾಸನೆ. ಚುಚ್ಚುತ್ತಿತ್ತು, ನಿಜ. ಈಗಿನ ಮೆರಿನೊ ಉಣ್ಣೆ ಮೈಗೆ ಚುಚ್ಚುವುದಿಲ್ಲ, ಜೇಬಿಗೆ ಚುಚ್ಚುತ್ತದೆ.

ಉಳಿದದ್ದು ಚುಟುಕಾಗಿ. ಟ್ರೊಮ್ಸೊ 69 ಡಿಗ್ರಿ ಉತ್ತರ ಅಕ್ಷಾಂಶದ ಆಚೆಗಿದ್ದರೂ ಬೆಚ್ಚನೆಯ ಸಾಗರ ಪ್ರವಾಹದ ದಯೆಯಿಂದ ಪೇಟೆಯಲ್ಲಿ ಚಳಿ ಸಾಮಾನ್ಯವಾಗಿ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟುವುದರಿಂದ ಹಿರಿಯರು ಹೆದರಬೇಕಾದದ್ದು ಜಾರಿಕೆಗೆ. ಬೂಟಿನಡಿ ಹಾಕುವ ಮುಳ್ಳುಪಟ್ಟಿ ಅಲ್ಲೇ ಸಿಗುತ್ತದೆ. ಬೂಟು ದಪ್ಪ ಕಾಲುಚೀಲ ಹಿಡಿಸುವಷ್ಟು ಸಡಿಲವಿರಲಿ. ಧ್ರುವಪ್ರಭೆ ನೋಡಲು ಒಳನಾಡಿಗೆ ಹೋದರೆ ಮೈನಸ್ 20 ಆಗಬಹುದು, ಮೊಬೈಲ್ ಒಳಜೇಬಿನಲ್ಲಿರಲಿ, ಬ್ಯಾಟರಿ ಬೇಗ ಇಳಿಯುತ್ತದೆ. ಭಾರತದಿಂದ ನಾರ್ವೆಗೆ ಹಾಲಿನ ಪದಾರ್ಥ ತರುವಂತಿಲ್ಲ, ಆದ್ದರಿಂದ ತುಪ್ಪದ ಡಬ್ಬಿ ಊರಿನಲ್ಲೇ ಇರಲಿ (ನನಗೂ ಸಂಕಟವೇ). ಕಾಫಿಪುಡಿ ತನ್ನಿ.

ಬಳಗದ ರಾಜ್ಯೋತ್ಸವ ಆಚರಣೆ ನವೆಂಬರ್ ಎರಡನೆಯ ಶನಿವಾರ. ಊಟಕ್ಕೆ ಹೆಸರು ಕೊಡದೆ ಬಂದವರಿಗೆ ಚಿತ್ರಾನ್ನ ಮಾತ್ರ. ಮಕ್ಕಳ ನಾಟಕದ ತಾಲೀಮು ಭಾನುವಾರ ಹತ್ತಕ್ಕೆ, ಹನ್ನೊಂದಕ್ಕಲ್ಲ. ಪ್ರವಾಸದ ಬಾಕಿ ಹಣ ತಿಂಗಳೊಳಗೆ ಕಟ್ಟಿ. ಕರಡು ತಿದ್ದಲು ಯಾರಾದರೂ ಮುಂದೆ ಬಂದರೆ ಮುಂದಿನ ಸಂಚಿಕೆ ಹೊರಬಂದೀತು, ಇಲ್ಲವಾದರೆ ಹೇಳಲಾರೆ. ಮತ್ತೆ, ಹೆಚ್ಚಿಗೆ ಉಣ್ಣೆ ಉಡುಪು ಇರುವವರು ಅಳತೆ ಬರೆದು ತಿಳಿಸಿ; ನಾಲ್ಕು ದಿನದ ಚಳಿಗೆ ಹಿರಿಯರೆಲ್ಲ ಹೊಸದು ಕೊಳ್ಳುವುದು ಬೇಡ.