ಮೆಜುಗೊರ್ಯೆಯಿಂದ ಬಂದ ಮೇಲೆ ಮಗಳಿಗೆ

ಮಾತೆ ಮರಿಯಳ ಹುಟ್ಟುಹಬ್ಬ, ಮೊಂತಿ ಹಬ್ಬದ ರಾತ್ರಿ
8 ಸೆಪ್ಟೆಂಬರ್ 2025

ಪ್ರೀತಿಯ ಮಗಳೇ,

ಅಮ್ಮನ ಬೆಸಾಂವ್, ಆಶೀರ್ವಾದ. ಮನೆಮಾತು ಕೊಂಕಣಿಯಾದರೂ ಪತ್ರ ಬರೆಯಲು ಕುಳಿತರೆ ನನಗೆ ಕನ್ನಡವೇ ಒದಗುತ್ತದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಅದನ್ನೇ ಕಲಿಸಿದವಳಲ್ಲವೇ. ನಿನಗೆ ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನಾನು ಅಳುತ್ತೇನೆ, ನೀನು ನನ್ನನ್ನೇ ಸಮಾಧಾನಪಡಿಸಲು ತೊಡಗುತ್ತೀಯ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಜೂನ್ ತಿಂಗಳಲ್ಲಿ ನಾನು ಯಾತ್ರೆಗೆ ಹೋಗಿಬಂದದ್ದನ್ನು ಪಪ್ಪ ನಿನಗೆ ಹೇಳಿರಬೇಕು. ಸಂಜೆ ಹೊತ್ತು ತೋಟದ ಕಡೆ ಹೋಗಿ ಅವರು ನಿನ್ನೊಡನೆ ಮಾತನಾಡುತ್ತಾರೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದೂ ತಡೆಯಲಿಲ್ಲ, ಫೋನ್ ಇತ್ತ ಕೊಡಿ ಎಂದು ಒಮ್ಮೆಯೂ ಕೇಳಲಿಲ್ಲ.

ನಾನು ಯಾಕೆ ಹೋದೆ ಎಂಬುದನ್ನು ಮೊದಲು ಹೇಳುತ್ತೇನೆ. ಮಾತೆ ಮರಿಯಳ ಪಾದದ ಬಳಿ ಇಡಲೆಂದು ಒಂದು ಚೀಟಿ ಬರೆದುಕೊಂಡಿದ್ದೆ. 'ನನ್ನ ಮಗಳ ಮನಸ್ಸು ತಿರುಗಲಿ, ಅವಳು ಕಟ್ಟಿಕೊಂಡ ಅವನನ್ನು ಬಿಟ್ಟು ನಮ್ಮ ಮನೆಗೆ ಹಿಂದಿರುಗಲಿ' ಎಂದು. ಜಪಸರದ ಚೀಲದಲ್ಲಿ ಅದನ್ನು ಮಡಚಿಟ್ಟುಕೊಂಡು ಮಂಗಳೂರಿನಿಂದ ಹೊರಟೆ. ಓದುವಾಗ ನಿನಗೆ ನೋವಾಗುತ್ತದೆ ಎಂದು ಬಲ್ಲೆ. ಆದರೆ ಇದನ್ನು ಮುಚ್ಚಿಟ್ಟು ಉಳಿದುದನ್ನು ಬರೆದರೆ ಆ ಬರಹಕ್ಕೆ ಬೆಲೆಯಿಲ್ಲ.

ನಾವು ಮೂವತ್ತು ಮಂದಿ, ಜೊತೆಗೆ ಒಬ್ಬ ಪಾದ್ರಿ. ಕ್ರೊಯೇಷಿಯಾದ ಸ್ಪ್ಲಿಟ್ ಎಂಬ ಊರಿನಲ್ಲಿ ವಿಮಾನ ಇಳಿದು, ಬಸ್ಸಿನಲ್ಲಿ ಗಡಿ ದಾಟಿ ಬೋಸ್ನಿಯಾ ಮತ್ತು ಹರ್ಜೆಗೋವಿನಾ ದೇಶಕ್ಕೆ ಬಂದೆವು. ಮೆಜುಗೊರ್ಯೆ ಎಂದರೆ ಅಲ್ಲಿನ ಭಾಷೆಯಲ್ಲಿ ಬೆಟ್ಟಗಳ ನಡುವಿನ ಜಾಗ ಎಂದರ್ಥ. ಹೊಗೆಸೊಪ್ಪು, ದ್ರಾಕ್ಷಿ ಬೆಳೆದು ಬದುಕುತ್ತಿದ್ದ ಬಡ ಹಳ್ಳಿ. ಸುತ್ತ ಸುಣ್ಣಕಲ್ಲಿನ ಗುಡ್ಡಗಳು, ನಡುವೆ ದಾಳಿಂಬೆ ಗಿಡಗಳು. ಹೂ ಬಿಟ್ಟಿದ್ದವು.

1981ರ ಜೂನ್ 24ರ ಸಂಜೆ ಅಲ್ಲಿನ ಪೊಡ್‌ಬರ್ಡೊ ಗುಡ್ಡದ ಮೇಲೆ ಮಗುವನ್ನೆತ್ತಿಕೊಂಡ ಒಬ್ಬ ಯುವತಿಯನ್ನು ಕಂಡೆವೆಂದು ಊರಿನ ಕೆಲವು ಮಕ್ಕಳು ಹೇಳಿದರು. ಮರುದಿನದಿಂದ ಅವರು ಆರು ಮಂದಿ; ಎಲ್ಲರಿಗಿಂತ ಚಿಕ್ಕವನಿಗೆ 10 ವರ್ಷ. ಆಗ ಅದು ಯುಗೊಸ್ಲಾವಿಯಾ, ಕಮ್ಯುನಿಸ್ಟರ ಆಡಳಿತ. ಪೊಲೀಸರು ಮಕ್ಕಳನ್ನು ಕರೆದೊಯ್ದು ಪ್ರಶ್ನಿಸಿದರು, ಇಗರ್ಜಿಯ ಪಾದ್ರಿಯನ್ನು ಜೈಲಿಗೆ ಹಾಕಿದರು. ಮೂರನೆಯ ದಿನ ಮಾತೆ ಅಳುತ್ತಾ ಹೇಳಿದಳೆಂದು ಮಕ್ಕಳು ತಿಳಿಸಿದ ಮಾತು ಒಂದೇ: 'ಮೀರ್'. ಶಾಂತಿ. ಊರವರು ಅವಳನ್ನು ಗೋಸ್ಪಾ ಎನ್ನುತ್ತಾರೆ, ಅಮ್ಮನವರು ಎಂದ ಹಾಗೆ. ಶಾಂತಿಯ ರಾಣಿ ಎಂಬುದು ಅವಳ ಬಿರುದು. ಸರಿಯಾಗಿ ಹತ್ತು ವರ್ಷ ಕಳೆದು 1991ರ ಜೂನ್ 25ರಂದು ಕ್ರೊಯೇಷಿಯಾ ಮತ್ತು ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿದವು, ಯುದ್ಧ ಹೊತ್ತಿಕೊಂಡಿತು. ಮುಂದಿನ ವರ್ಷ ಅದು ಬೋಸ್ನಿಯಾಕ್ಕೂ ಹಬ್ಬಿತು.

'ಅಮ್ಮಾ, ನಿಜವಾಗಿಯೂ ದರ್ಶನ ಆಗಿತ್ತೇ?' ಎಂದು ನೀನು ಹಿಂದೊಮ್ಮೆ ಕೇಳಿದ್ದು ನೆನಪಿದೆ. ಆಗ ನಾನು ಸಿಟ್ಟಾಗಿದ್ದೆ. ಧರ್ಮಸಭೆಯೇ ಈ ಪ್ರಶ್ನೆಗೆ ಹೌದು ಎಂದು ಹೇಳಿಲ್ಲ, ಮಗಳೇ. ಆ ಸೀಮೆಯ ಧರ್ಮಾಧ್ಯಕ್ಷರಾದ, ಹತ್ತಿರದ ಮೋಸ್ಟಾರ್ ನಗರದ ಬಿಷಪರು ಒಬ್ಬರಾದ ಮೇಲೆ ಒಬ್ಬರು ಅದನ್ನು ಒಪ್ಪಲಿಲ್ಲ. 2019ರಲ್ಲಿ ಪೋಪ್ ಫ್ರಾನ್ಸಿಸ್ ಯಾತ್ರೆಗೆ ಅಧಿಕೃತ ಅನುಮತಿ ಕೊಟ್ಟರು. ಕಳೆದ ವರ್ಷ ಸೆಪ್ಟೆಂಬರ್ 19ರಂದು ವ್ಯಾಟಿಕನ್ ಪ್ರಕಟಿಸಿದ ಪತ್ರದಲ್ಲೂ ಅಲ್ಲಿಗೆ ಹೋಗಿ ಪ್ರಾರ್ಥಿಸಲು ಅಡ್ಡಿಯಿಲ್ಲ, ಒಳ್ಳೆಯ ಫಲ ಕಾಣುತ್ತಿದೆ ಎಂದಿದೆಯೇ ಹೊರತು ದರ್ಶನ ದೈವಿಕವೆಂದು ಸಾರಿಲ್ಲ. ನಂಬಲೇಬೇಕೆಂಬ ಕಟ್ಟಳೆ ಯಾರ ಮೇಲೂ ಇಲ್ಲ. ನಾನು ನಂಬುತ್ತೇನೆ. ನಿನ್ನ ಪ್ರಶ್ನೆಗೆ ಸಿಟ್ಟಾಗಿದ್ದು ಮಾತ್ರ ತಪ್ಪು.

ಜೂನ್ 24ರಂದು ಶಾಂತಿ ನಡಿಗೆ ಇರುತ್ತದೆ. ಹುಮಾಟ್ಸ್ ಎಂಬಲ್ಲಿನ ಫ್ರಾನ್ಸಿಸ್ಕನ್ ಮಠದಿಂದ ಬೆಳಗಿನ ಜಾವ ಹೊರಟು ಮೆಜುಗೊರ್ಯೆಯ ಸಂತ ಯಾಕೋಬರ ಇಗರ್ಜಿ ತಲುಪುವುದು. ಇದು ಶುರುವಾದದ್ದು 1992ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ. ಪರಮಪ್ರಸಾದವನ್ನು ಮುಂದಿಟ್ಟುಕೊಂಡು ಜನ ನಡೆದಿದ್ದರು. ನನ್ನ ಮಂಡಿನೋವು ನಿನಗೆ ಗೊತ್ತೇ ಇದೆ, ಅರ್ಧ ದಾರಿ ನಡೆದೆ, ಉಳಿದರ್ಧ ಬಸ್ಸಿನಲ್ಲಿ. ಸಂಜೆ ಸಾವಿರಾರು ಜನ ಬಯಲಿನಲ್ಲಿ ಕುಳಿತು ತಂತಮ್ಮ ಭಾಷೆಯಲ್ಲಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವಾಗ ನಮ್ಮ ಗುಂಪಿನ ಕೊಂಕಣಿಯೂ ಅದರೊಳಗೆ ಸೇರಿಹೋಯಿತು. ಮರುದಿನ ನಸುಕಿನಲ್ಲಿ ಗುಡ್ಡ ಹತ್ತಿದೆ. ಅಲ್ಲಿ ಮೆಟ್ಟಿಲುಗಳಿಲ್ಲ. ಬರೀ ಚೂಪು ಕಲ್ಲು. ಲಕ್ಷಾಂತರ ಜನರ ಪಾದ ಸವೆಸಿ ಕೆಲವೆಡೆ ಕನ್ನಡಿಯ ಹಾಗೆ ನುಣುಪಾಗಿ ಜಾರುತ್ತದೆ. ಬರಿಗಾಲಿನಲ್ಲಿ ಹತ್ತುವವರೂ ಇದ್ದರು. ಒಬ್ಬ ಮುದುಕರು ಪ್ರತಿ ಹೆಜ್ಜೆಗೂ ಕಲ್ಲನ್ನು ಮುಟ್ಟಿ ನೋಡಿಕೊಂಡು ಏರುತ್ತಿದ್ದರು. ಮೇಲೆ ಬಿಳಿ ಪ್ರತಿಮೆಯ ಮುಂದೆ ಮೊಣಕಾಲೂರಿ ಚೀಟಿಯನ್ನು ಹೊರಗೆ ತೆಗೆದೆ. ಇಡಲು ಕೈ ಬರಲಿಲ್ಲ. ಕಾರಣ ಆಗ ತಿಳಿಯಲಿಲ್ಲ. ಆಯಾಸ ಎಂದುಕೊಂಡು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಯುದ್ಧದ ಸಮಯದಲ್ಲಿ ಈ ಊರಿಗೆ ಹೆಚ್ಚು ಹಾನಿಯಾಗಲಿಲ್ಲ, ಮಾತೆಯೇ ಕಾಪಾಡಿದಳು ಎಂದು ಯಾತ್ರಿಕರಿಗೆ ಹೇಳುತ್ತಾರೆ. ಕೇಳಲು ಹಿತವಾದ ಮಾತು. ಅದನ್ನು ಕೇಳಿಕೊಂಡು ಮನೆಗೆ ಬಂದಿದ್ದರೆ ನಾನು ಹೋದ ಹಾಗೆಯೇ ಹಿಂದಿರುಗುತ್ತಿದ್ದೆ. ಮರುದಿನ ನಮ್ಮನ್ನು ಮೋಸ್ಟಾರಿಗೆ ಕರೆದೊಯ್ದರು. ಬರೀ 25 ಕಿಲೋಮೀಟರ್.

ನೆರೆಟ್ವಾ ನದಿಯ ಹಸಿರು ನೀರಿನ ಮೇಲೆ ಒಂದೇ ಕಮಾನಿನ ಕಲ್ಲಿನ ಸೇತುವೆ. ಒಟ್ಟೊಮನ್ ತುರ್ಕರ ಕಾಲದಲ್ಲಿ, 1566ರಲ್ಲಿ ಮುಗಿದದ್ದು. 427 ವರ್ಷ ನಿಂತಿತ್ತು. 1993ರ ನವೆಂಬರ್ 9ರಂದು ಟ್ಯಾಂಕಿನ ಗುಂಡುಗಳು ಬಿದ್ದು ಬಿದ್ದು ಅದು ನದಿಗೆ ಕುಸಿಯಿತು. ಗುಂಡು ಹಾರಿಸಿದವರು ಯಾರೆಂದು ನಾನು ಕೇಳಿದೆ. ನಮಗೆ ಊರು ತೋರಿಸುತ್ತಿದ್ದ ಹೆಂಗಸು ಒಂದು ಕ್ಷಣ ನನ್ನ ಕೊರಳಿನ ಶಿಲುಬೆಯನ್ನು ನೋಡಿ, 'ಬೋಸ್ನಿಯಾದ ಕ್ರೊಯಾಟರ ಪಡೆ. ಕ್ಯಾಥೊಲಿಕರು' ಎಂದರು.

1992ರಲ್ಲಿ ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರ ಪಡೆ ಮೋಸ್ಟಾರಿನ ಮೇಲೆ ಶೆಲ್ ಸುರಿಸಿದಾಗ ಬಿಷಪರ ನಿವಾಸ ಅದರ ಪುಸ್ತಕ ಭಂಡಾರದೊಂದಿಗೆ ಸುಟ್ಟುಹೋಯಿತು, ಫ್ರಾನ್ಸಿಸ್ಕನ್ನರ ಇಗರ್ಜಿ ನಾಶವಾಯಿತು, ಮಸೀದಿಗಳೂ ಉರುಳಿದವು. ಆಗ ಕ್ಯಾಥೊಲಿಕ್ ಹುಡುಗರೂ ಮುಸ್ಲಿಂ ಹುಡುಗರೂ ಜೊತೆಗೂಡಿ ಊರನ್ನು ಕಾಪಾಡಿದ್ದರು. ಒಂದೇ ವರ್ಷ. 1993ರ ಮೇ ತಿಂಗಳಿನಿಂದ ಅದೇ ಹುಡುಗರು ಒಂದು ಬೀದಿಯ ಆಚೆ ಈಚೆ ನಿಂತು ಪರಸ್ಪರ ಗುಂಡು ಹಾರಿಸಿದರು. ಪಶ್ಚಿಮದಲ್ಲಿದ್ದ ಮುಸ್ಲಿಮರನ್ನು ಮನೆಗಳಿಂದ ಹೊರಗಟ್ಟಿ ಪೂರ್ವ ದಡಕ್ಕೆ ಅಟ್ಟಿದರು. ಗಂಡಸರನ್ನು ಹೆಲಿಯೊಡ್ರೋಮ್ ಎಂಬಲ್ಲಿ ಕೂಡಿಹಾಕಿದರು. ಈ ಅಪರಾಧಗಳಿಗಾಗಿ ಬೋಸ್ನಿಯಾದ ಕ್ರೊಯಾಟರ ಆರು ಮಂದಿ ನಾಯಕರ ಶಿಕ್ಷೆಯನ್ನು 2017ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಎತ್ತಿಹಿಡಿಯಿತು. ಊರಿನಲ್ಲಿ ಒಂದು ಮುಸ್ಲಿಂ ಸ್ಮಶಾನವಿದೆ. ಸಾಲು ಸಾಲು ಬಿಳಿ ಕಲ್ಲುಗಳ ಮೇಲೆ ಹುಟ್ಟಿದ ವರ್ಷ ಬೇರೆ ಬೇರೆ, ಸತ್ತ ವರ್ಷ ಮಾತ್ರ ಹೆಚ್ಚಿನವರದು 1993. ಅವರ ವಯಸ್ಸು ಲೆಕ್ಕ ಹಾಕುತ್ತಾ ಹೋದೆ. ನಾನು ಹಾಜರಿ ಕರೆಯುತ್ತಿದ್ದ ತರಗತಿಗಳ ಮಕ್ಕಳ ವಯಸ್ಸಿನವರೂ ಇದ್ದರು. ಮುಂದೆ ಲೆಕ್ಕ ಹಾಕಲಾಗಲಿಲ್ಲ.

ನಾನು ಶಾಲೆಯವಳಾದ್ದರಿಂದ ಶಾಲೆಯ ವಿಷಯ ಕೇಳಿದೆ. ಅಲ್ಲಿನ ಹಳೆಯ ಪ್ರೌಢಶಾಲೆಯ ಚೆಂದದ ಕಟ್ಟಡ ಯುದ್ಧದಲ್ಲಿ ಹಾಳಾಗಿ ಮತ್ತೆ ಎದ್ದಿದೆ. ಎರಡೂ ಕಡೆಯ ಮಕ್ಕಳು ಒಂದೇ ಸೂರಿನಡಿ ಕಲಿಯುತ್ತಾರೆ, ಆದರೆ ಪಠ್ಯ ಬೇರೆ ಬೇರೆ, ತರಗತಿ ಬೇರೆ ಬೇರೆ. ಯುದ್ಧ 1995ರಲ್ಲೇ ಮುಗಿಯಿತು. ಆಮೇಲೆ ಹುಟ್ಟಿದ ಮಕ್ಕಳಿಗೂ ನಾವು ದೊಡ್ಡವರು ಈ ಗೋಡೆಯನ್ನೇ ಕೊಟ್ಟೆವಲ್ಲ ಎಂದು ಹೊಟ್ಟೆ ಉರಿಯಿತು.

ನಮಗೆ ಊರು ತೋರಿಸಿದ ಆ ಹೆಂಗಸಿನ ತಂದೆ ಕ್ಯಾಥೊಲಿಕರು, ತಾಯಿ ಮುಸ್ಲಿಂ. ಯುದ್ಧಕ್ಕೆ ಮುಂಚೆ ಮೋಸ್ಟಾರಿನಲ್ಲಿ ಅಂಥ ಮದುವೆಗಳು ಅಪರೂಪವಾಗಿರಲಿಲ್ಲವಂತೆ. 1993ರಲ್ಲಿ ಇವರಿಗೆ ಆರು ವರ್ಷ. ತಾಯಿಯನ್ನು ಮನೆಯಿಂದ ಹೊರಗಟ್ಟಲು ಬಂದಾಗ ಆಕೆ ಮಗಳ ಕೈಹಿಡಿದು ಪಕ್ಕದ ಬೀದಿಯಲ್ಲಿದ್ದ ಅತ್ತೆಯ ಮನೆಗೆ ಓಡಿದರಂತೆ. ಒಳಗೆ ದೀಪವಿತ್ತು. ತೇರ್ಸ್ ಹೇಳುವ ದನಿ ಕೇಳಿಸುತ್ತಿತ್ತು. ಅಜ್ಜಿ ಬಾಗಿಲು ತೆರೆಯಲಿಲ್ಲ. 'ಹೆದರಿದ್ದರು ಪಾಪ' ಎಂದರು ಆಕೆ. ಎಷ್ಟೋ ವರ್ಷಗಳ ಮೇಲೆ ಅಜ್ಜಿ ತೀರಿಕೊಂಡಾಗ ತಾಯಿ ಇಗರ್ಜಿಗೆ ಹೋಗಿ ಎಲ್ಲರ ಹಿಂದೆ ನಿಂತಿದ್ದರಂತೆ.

ಮಗಳೇ, ಆ ಅಜ್ಜಿಯ ಮನೆಯ ಸುತ್ತ ಬಂದೂಕುಗಳಿದ್ದವು. ನನ್ನ ಸುತ್ತ ಏನಿತ್ತು? ಪಪ್ಪನ ಶಸ್ತ್ರಚಿಕಿತ್ಸೆಯಾದ ವಾರ, ಯಾತ್ರೆಗೂ ಮೊದಲಿನ ಒಂದು ಜುಲೈ ತಿಂಗಳ ಆ ಮಳೆಯಲ್ಲಿ, ನಿನ್ನ ಗಂಡ ಬೆಂಗಳೂರಿನಿಂದ ಒಬ್ಬನೇ ಬಂದು ನಮ್ಮ ಗೇಟಿನ ಹೊರಗೆ ನಿಂತಿದ್ದ. ಕೈಯಲ್ಲಿ ಹಣ್ಣಿನ ಚೀಲ. ನಾನು ಜಗಲಿಯಿಂದಲೇ 'ಅವರು ಮಲಗಿದ್ದಾರೆ' ಎಂದೆ. ಮಲಗಿರಲಿಲ್ಲ. ಅವನು ತಲೆಯಾಡಿಸಿ, ಚೀಲವನ್ನು ಗೇಟಿನ ಕಂಬದ ಮೇಲೆ ಮಳೆ ತಾಗದ ಕಡೆ ಇಟ್ಟು ಹೋದ. ಆ ಸಂಜೆಯೂ ನಾನು ಅಲ್ತಾರಿನ ಮುಂದೆ ಕುಳಿತು ಐವತ್ತು ಸಲ 'ನಮೋ ಮರಿಯೆ' ಎಂದೆ.

ಮೆಜುಗೊರ್ಯೆಯಲ್ಲಿ ಇಗರ್ಜಿಯ ಪಕ್ಕ ಪಾಪನಿವೇದನೆಗೆಂದು ಸಣ್ಣ ಸಣ್ಣ ಕೋಣೆಗಳ ಸಾಲಿದೆ. ಬಾಗಿಲಿನ ಬಳಿ ಯಾವ ಭಾಷೆ ಎಂಬ ಫಲಕ. ಮೊದಲ ದಿನವೇ ನಾನು ಹೋಗಿ, ಸಿಟ್ಟು, ಸುಳ್ಳು, ಪ್ರಾರ್ಥನೆಯಲ್ಲಿ ಮನಸ್ಸಿಲ್ಲದಿರುವುದು ಎಂದು ಪ್ರತಿ ವರ್ಷದ ಪಟ್ಟಿಯನ್ನೇ ಒಪ್ಪಿಸಿ ಬಂದಿದ್ದೆ. ಮೋಸ್ಟಾರಿನಿಂದ ಬಂದ ಸಂಜೆ ಮತ್ತೆ ಹೋಗಿ ಸಾಲಿನಲ್ಲಿ ನಿಂತೆ. ಗೇಟಿನ ಕಥೆ ಹೇಳಿದೆ, ಚೀಟಿಯ ಕಥೆಯನ್ನೂ ಹೇಳಿದೆ. ಪಾದ್ರಿ ಬಹಳ ಹೊತ್ತು ಸುಮ್ಮನಿದ್ದು, 'ಇದನ್ನು ನನಗೆ ಹೇಳಿದಿರಿ, ಸರಿ. ಅವರಿಗೆ ಹೇಳಿದ್ದೀರಾ?' ಎಂದರು. ಕ್ಷಮೆಯ ಪ್ರಾರ್ಥನೆ ಹೇಳಿ ಕಳುಹಿಸಿದರು. ಆ ಪ್ರಶ್ನೆಗೆ ಉತ್ತರ ಕೊಡಲು ಎರಡು ತಿಂಗಳಿಗಿಂತ ಹೆಚ್ಚು ತೆಗೆದುಕೊಂಡೆ.

ಇನ್ನೊಂದು ವಿಷಯ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮೆಜುಗೊರ್ಯೆಯ ಧರ್ಮಕೇಂದ್ರಕ್ಕೇ ಸೇರಿದ ಶುರ್ಮಾನ್ಸಿ ಎಂಬ ಹಳ್ಳಿಯಿದೆ. 1941ರ ಆಗಸ್ಟ್‌ನಲ್ಲಿ ಉಸ್ತಾಶಾ ಎಂಬ ಕ್ರೊಯೇಷಿಯನ್ ಫ್ಯಾಸಿಸ್ಟರು ಪ್ರೆಬಿಲೊವ್ಸಿ ಎಂಬ ಸರ್ಬರ ಹಳ್ಳಿಯ ನೂರಾರು ಹೆಂಗಸರನ್ನೂ ಮಕ್ಕಳನ್ನೂ ಅಲ್ಲಿಗೆ ತಂದು ಆಳವಾದ ಕಂದರಕ್ಕೆ ತಳ್ಳಿದ್ದರು. ಅದಾಗಿ ನಲವತ್ತನೆಯ ವರ್ಷದಲ್ಲಿ ಅದೇ ಸೀಮೆಯ ಗುಡ್ಡದ ಮೇಲೆ ಮಕ್ಕಳಿಗೆ ಅಳುವ ತಾಯಿ ಕಂಡಳು. ಅವಳು ಶಾಂತಿ ಎಂದದ್ದು ಮುಂದೆ ಬರಲಿರುವ ಯುದ್ಧದ ಮುನ್ಸೂಚನೆ ಎನ್ನುತ್ತಾರೆ. ಆಗಿಹೋದದ್ದನ್ನು ನೆನೆದೂ ಅತ್ತಿರಬೇಕು ಎಂದು ನನಗನ್ನಿಸುತ್ತದೆ. ಮಾತೆಗೆ ಅಲ್ಲಿ ಸಿಕ್ಕವರು ನಿರಪರಾಧಿಗಳಾಗಿರಲಿಲ್ಲ. ಕೈಯಲ್ಲಿ ಜಪಸರವಿದ್ದೂ ನೆರೆಯವರಿಗೆ ಬಾಗಿಲು ಹಾಕಬಲ್ಲವರು. ನನ್ನಂಥವರು.

ಒಳಿತು ಮಾಡಿದವರೂ ಅಲ್ಲಿದ್ದರು. ಯುದ್ಧದ ನಡುವೆ, 1993ರಲ್ಲಿ, ಸ್ಲಾವ್ಕೊ ಬಾರ್ಬಾರಿಚ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಅನಾಥ ಮಕ್ಕಳಿಗಾಗಿ 'ತಾಯಿಯ ಹಳ್ಳಿ' ಕಟ್ಟಿದರು. 2000ದ ನವೆಂಬರಿನಲ್ಲಿ ದೊಡ್ಡ ಶಿಲುಬೆಯಿರುವ ಕ್ರಿಜೆವಾಟ್ಸ್ ಬೆಟ್ಟದ ಮೇಲೆ ಜನರೊಡನೆ ಶಿಲುಬೆಯ ಹಾದಿ ಪ್ರಾರ್ಥನೆ ಮುಗಿಸಿದ ಮೇಲೆ ಕುಸಿದು ಪ್ರಾಣಬಿಟ್ಟರು. ಮೋಸ್ಟಾರಿನ ಸೇತುವೆಯನ್ನೂ ಅಲ್ಲಿಯದೇ ಟೆನೆಲಿಯಾ ಎಂಬ ಕಲ್ಲಿನಿಂದ, ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದರು. 2004ರ ಜುಲೈ 23ರಂದು ತೆರೆಯಿತು. ನಾನು ಅದರ ಮೇಲೆ ನಡೆದೆ. ಕಲ್ಲು ನುಣುಪು, ಜಾರುತ್ತದೆ. ಆ ಹೆಂಗಸು ನನ್ನ ತೋಳು ಹಿಡಿದುಕೊಂಡು ದಾಟಿಸಿದರು.

ಚೀಟಿಯನ್ನು ಇಡಲಿಲ್ಲ, ಹರಿದುಹಾಕಿದೆ. ಬೇರೆ ಬರೆಯಲಿಲ್ಲ.

ಇವತ್ತು ಹಬ್ಬ. ಒಂಬತ್ತು ದಿನವೂ ಮಕ್ಕಳು ಹೂ ತಂದರು, ಕಬ್ಬು ಹಂಚಿದರು, ಪಾದ್ರಿ ತೆನೆ ಆಶೀರ್ವದಿಸಿ ಕೊಟ್ಟರು. ಮನೆಯಲ್ಲಿ ಏಳು ತರಕಾರಿ, ಎಲೆಯೂಟ. ಹೊಸ ಭತ್ತದ ಕಾಳು ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿ ಪಪ್ಪನಿಗೆ ಕೊಟ್ಟಾಗ ಅವರು ಲೋಟ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಾ ನಿಂತರು. ನೀನು ಹಾಸ್ಟೆಲಿನಲ್ಲಿದ್ದಾಗ, ಆಮೇಲೆ ಕೆಲಸಕ್ಕೆ ಸೇರಿದಾಗಲೂ ಪ್ರತಿ ವರ್ಷ ಅಂಚೆಯಲ್ಲಿ ನಿನ್ನ ಪಾಲಿನ ತೆನೆ ಕಳುಹಿಸುತ್ತಿದ್ದೆ. ಮೂರು ವರ್ಷ ಕಳುಹಿಸಲಿಲ್ಲ. ದೇವರು ಕೊಟ್ಟ ಅನ್ನವನ್ನು ನನ್ನ ಹಟಕ್ಕಾಗಿ ತಡೆಹಿಡಿದೆ. ನನ್ನನ್ನು ಕ್ಷಮಿಸು. ಅವನಿಗೆ ನಾನೇ ಬೇರೆಯಾಗಿ ಬರೆಯುತ್ತೇನೆ. ನಿನ್ನ ಮೂಲಕ ಹೇಳಿಸುವುದು ಸರಿಯಲ್ಲ. ನಿಮಗೆ ಮನಸ್ಸಾದಾಗ ಬನ್ನಿ, ಬೇಗ ಆಗದಿದ್ದರೂ ನಾನು ಬೇಸರಪಡುವುದಿಲ್ಲ.

ಈ ಲಕೋಟೆಯಲ್ಲಿ ಕಾಗದಕ್ಕೆ ಸುತ್ತಿಟ್ಟ ಎರಡು ತೆನೆಗಳಿವೆ. ಇವತ್ತಿನ ಮಳೆಗೆ ಸ್ವಲ್ಪ ತೇವವಾಗಿವೆ, ಬಿಸಿಲಿಗೆ ಒಣಗಿಸಿಕೊಳ್ಳಿ. ಒಬ್ಬೊಬ್ಬರಿಗೆ ಏಳು ಕಾಳು ಸಾಕು. ಉಗುರಿನಿಂದ ಸಿಪ್ಪೆ ಸುಲಿದು, ಬಿಸಿ ಹಾಲಿಗೆ ಹಾಕಿ, ಮೊದಲು ಅವನಿಗೆ ಕೊಡು.

ನಿನ್ನ
ಅಮ್ಮ