ಹೊಳೆ ದಂಡೆಯ ಸೈಕಲ್ ಸವಾರಿ: ಏಳನೇ ತರಗತಿ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಬರುವ ತಿಂಗಳ ಎರಡನೇ ಶನಿವಾರ ಬೆಳಗ್ಗೆ ಮಕ್ಕಳನ್ನು ಹೊಳೆ ದಂಡೆಯ ದಾರಿಯಲ್ಲಿ ಸೈಕಲ್ ಸವಾರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಹೋಗುವಾಗ 6 ಕಿಲೋಮೀಟರ್, ಬರುವಾಗ 6. ಗಂಟೆಗೆ 10 ಕಿಲೋಮೀಟರ್ ಲೆಕ್ಕ ಹಿಡಿದರೆ ತುಳಿಯುವುದಕ್ಕೇ ಒಂದು ಗಂಟೆ 12 ನಿಮಿಷ ಬೇಕು. ನಿಲ್ಲುವುದು, ನೀರು ಕುಡಿಯುವುದು, ಯಾರದೋ ಚೈನ್ ಕಳಚುವುದು ಎಲ್ಲ ಸೇರಿ ಎರಡೂವರೆ ಗಂಟೆ ಇಟ್ಟುಕೊಂಡಿದ್ದೇವೆ.

"ಇಷ್ಟೇನಾ ಮೇಡಂ?" ಎಂದು ಕೆಲವರು ಆಗಲೇ ಮುಖ ಸಿಂಡರಿಸಿದ್ದಾರೆ. ಹೌದು, ಇಷ್ಟೇ. ಕಾರಣ, ಹೋದ ವರ್ಷ ನಾನೇ ಮಾಡಿದ ತಪ್ಪು.

ಹೊಳೆ ದಾರಿ ಸಮತಟ್ಟು, ನೀರು ಕುಡಿದಷ್ಟು ಸಲೀಸು ಅಂದುಕೊಂಡು 20 ಕಿಲೋಮೀಟರ್ ಗೊತ್ತುಮಾಡಿದ್ದೆ. ಹೋಗುವಾಗ ಗಾಳಿ ಬೆನ್ನಿಗಿತ್ತು. ಬೆನ್ನ ಹಿಂದಿನ ಗಾಳಿ ಗೊತ್ತೇ ಆಗುವುದಿಲ್ಲ, ನಾವೇ ಗಟ್ಟಿಗರು ಅನ್ನಿಸುತ್ತದೆ. 10 ಕಿಲೋಮೀಟರ್ ಹೇಗೆ ಮುಗಿಯಿತೋ ತಿಳಿಯಲಿಲ್ಲ. ತಿರುಗಿ ಹೊರಟಾಗ ಅದೇ ಗಾಳಿ ಮುಖಕ್ಕೆ ಹೊಡೆಯಿತು. ಹೊಳೆ ಬದಿ ಬಯಲು, ತಡೆಯುವುದಕ್ಕೆ ಗೋಡೆ ಇಲ್ಲ, ಮನೆ ಇಲ್ಲ. ಒಬ್ಬ ಹುಡುಗಿಯ ಸೀಟ್ ತೀರಾ ತಗ್ಗಿತ್ತು, ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತಿತ್ತು. ಕೊನೆಯ ಎರಡು ಕಿಲೋಮೀಟರ್ ಅವಳು ಇಳಿದು ನಡೆದಳು, ಜೊತೆಗೆ ನಾನೂ ನಡೆದೆ. ಅಳಲಿಲ್ಲ. ಒಂದೇ ಮಾತು ಕೇಳಿದಳು: "ಹೋಗುವಾಗ ನಾನೇ ಫಸ್ಟ್ ಇದ್ದೆ ಅಲ್ವಾ ಮೇಡಂ?"

ಹಾಗಾಗಿ ಈ ಸಲ ಬೇಗ ಸುಸ್ತಾಗುವ ಮಗುವನ್ನು ನೋಡಿ ದೂರ ಗೊತ್ತುಮಾಡಿದ್ದೇವೆ. ದಾರಿ ಹೊಳೆ ಹರಿದು ಬರುವ ಕಡೆಗೂ ಹೋಗುತ್ತದೆ, ಹರಿದು ಹೋಗುವ ಕಡೆಗೂ ಹೋಗುತ್ತದೆ. ಯಾವ ಕಡೆ ಎನ್ನುವುದನ್ನು ಅವತ್ತು ಬೆಳಗ್ಗೆ ಗಾಳಿ ನೋಡಿ ಹೇಳುತ್ತೇವೆ. ಕಾಲಲ್ಲಿ ಕಸುವಿರುವಾಗಲೇ ಗಾಳಿಗೆ ಎದುರಾಗಿ ಹೋಗುವುದು, ಸುಸ್ತಾದಾಗ ಗಾಳಿಯೇ ತಳ್ಳಿಕೊಂಡು ಬರಲಿ. ಒಬ್ಬರು ಶಿಕ್ಷಕರು ಮುಂದೆ, ಒಬ್ಬರು ಕಟ್ಟಕಡೆಗೆ. ನಿಧಾನ ತುಳಿಯುವವರು ಮುಂದಿನ ಶಿಕ್ಷಕರ ಹಿಂದೆಯೇ ಇರುತ್ತಾರೆ. ವೇಗದ ಹುಡುಗರಿಗೆ ಇದು ಹಿಡಿಸುವುದಿಲ್ಲ, ಗೊತ್ತು. ಆದರೆ ನಿಧಾನದವರನ್ನು ಹಿಂದೆ ಬಿಟ್ಟರೆ ಅವರು ಏದುಸಿರು ಬಿಡುತ್ತಾ ಬಂದು ಸೇರುವ ಹೊತ್ತಿಗೆ ಉಳಿದವರು ದಣಿವಾರಿಸಿಕೊಂಡು ಹೊರಟೇ ಬಿಟ್ಟಿರುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ!

ಈಗ ನಿಮ್ಮ ಕೆಲಸ. ಸೈಕಲ್ಲನ್ನು ಒಂದು ವಾರ ಮುಂಚೆಯೇ ನೋಡಿ, ಹಿಂದಿನ ರಾತ್ರಿ ಬೇಡ. ಮೊದಲು ಸೀಟ್. ಮಗುವನ್ನು ಕೂರಿಸಿ, ಒಂದು ಪೆಡಲ್ ಪೂರ್ತಿ ಕೆಳಗೆ ತನ್ನಿ. ಅದರ ಮೇಲೆ ಪಾದ ಇಟ್ಟಾಗ ಮೊಣಕಾಲು ತುಸು ಮಾತ್ರ ಮಡಚಿರಬೇಕು. ಹಾಗಂತ ಜಾಸ್ತಿ ಏರಿಸಬೇಡಿ, ನಿಂತಾಗ ಕಾಲ್ಬೆರಳು ನೆಲಕ್ಕೆ ತಾಗಲಿ. ಸೀಟ್ ಕೆಳಗಿನ ಕೊಳವೆಯಲ್ಲಿ ಒಂದು ಗೆರೆ ಕೊರೆದಿರುತ್ತದೆ. ಅದು ಹೊರಗೆ ಕಾಣುವಷ್ಟು ಏರಿಸಬೇಕಾಗಿ ಬಂದರೆ ಮಗು ಬೆಳೆದಿದೆ, ಸೈಕಲ್ ಚಿಕ್ಕದಾಗಿದೆ ಎಂದೇ ಅರ್ಥ.

ಆಮೇಲೆ ಬ್ರೇಕ್. ಹಿಡಿ ಒತ್ತಿದಾಗ ಅದು ಹ್ಯಾಂಡಲ್‌ಗೆ ಬಂದು ತಾಗಬಾರದು. ಮುಂದಿನ ಬ್ರೇಕ್ ಒಂದನ್ನೇ ಗಕ್ಕನೆ ಹಿಡಿದರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳಬಹುದು ಎಂದು ಮಕ್ಕಳಿಗೆ ಹೇಳಿದ್ದೇವೆ, ನೀವೂ ಒಮ್ಮೆ ಹೇಳಿ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿಯಬೇಕು. ಗಾಳಿ ಎಷ್ಟು ತುಂಬಬೇಕು ಎಂಬ ಅಂಕಿ ಟಯರ್‌ನ ಮಗ್ಗುಲಲ್ಲೇ ಇರುತ್ತದೆ. ಚೈನ್‌ಗೆ ಒಂದೆರಡು ಹನಿ ಎಣ್ಣೆ ಬಿಟ್ಟು ಒರೆಸಿದರೆ ಸಾಕು.

ಹೆಲ್ಮೆಟ್ ಇಲ್ಲದೆ ಯಾರನ್ನೂ ಹೊರಡಿಸುವುದಿಲ್ಲ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಅದು ಕೂರಬೇಕು, ಹಿಂದಕ್ಕೆ ಸರಿದು ಹಣೆ ಕಾಣಬಾರದು. ಗಲ್ಲದ ಪಟ್ಟಿ ಬಿಗಿಯಾಗಿರಲಿ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬೇಡ, ಒಳಗೆ ಬಿರುಕು ಬಿಟ್ಟಿರಬಹುದು. ಶೂ ಲೇಸ್ ಒಳಗೆ ಸಿಕ್ಕಿಸಿ. ಪ್ಯಾಂಟ್ ಸಡಿಲವಿದ್ದರೆ ಬಲಗಾಲಿನದನ್ನು ಮಡಚಿ, ಚೈನ್ ಇರುವುದು ಆ ಕಡೆಯೇ. ಒಂದು ಬಾಟಲಿ ನೀರು ಸಾಕು. ಪಂಪ್, ಪಂಕ್ಚರ್ ಸಾಮಾನು, ಪ್ರಥಮ ಚಿಕಿತ್ಸೆಯ ಡಬ್ಬಿ ನಮ್ಮಲ್ಲಿರುತ್ತವೆ.

ಹೊಳೆ ದಾರಿಯಲ್ಲಿ ನನಗೆ ಭಯ ಇರುವುದು ಮೂರು ಕಡೆ. ನೀರು ಇಳಿದ ಮೇಲೆ ಉಳಿಯುವ ತೆಳು ಕೆಸರು ಒಣಗಿದಂತೆ ಕಂಡರೂ ಜಾರುತ್ತದೆ. ಮರದ ಬೇರು ದಾರಿಯನ್ನು ಎತ್ತಿರುವ ಕಡೆ ಚಕ್ರ ನೇರವಾಗಿ ಹತ್ತಬೇಕು, ಓರೆಯಾಗಿ ಹೋದರೆ ಬಿದ್ದ ಹಾಗೆಯೇ. ಮರದ ಸೇತುವೆ ಒದ್ದೆಯಿದ್ದರೆ ಎಲ್ಲರೂ ಇಳಿದು ತಳ್ಳಿಕೊಂಡು ದಾಟುತ್ತೇವೆ, ಶಿಕ್ಷಕರೂ ಸೇರಿ. ನೀರಿಗೆ ಇಳಿಯುವುದಂತೂ ಇಲ್ಲವೇ ಇಲ್ಲ. ಕೈ ತೊಳೆಯುವುದಕ್ಕೂ ಇಲ್ಲ.

ಹಿಂದಿನ ದಿನ ಹೊಳೆಯ ಮೇಲ್ಭಾಗದಲ್ಲಿ ಜೋರು ಮಳೆಯಾದರೆ ಸವಾರಿ ರದ್ದು. ನಮ್ಮಲ್ಲಿ ಬಿಸಿಲಿದ್ದರೂ ನೀರು ಏರಬಹುದು, ಹಾಗಾಗಿ "ಒಳ್ಳೆ ಬಿಸಿಲಿದೆಯಲ್ಲ, ಯಾಕೆ ಹೋಗಲಿಲ್ಲ" ಎಂದು ಬೇಸರ ಮಾಡಿಕೊಳ್ಳಬೇಡಿ.

ಒಪ್ಪಿಗೆ ಚೀಟಿಯನ್ನು ಬರುವ ಶುಕ್ರವಾರದೊಳಗೆ ಕಳಿಸಿ. ಉಬ್ಬಸ ಅಥವಾ ಬೇರೆ ತೊಂದರೆ ಇದ್ದರೆ ಅದರಲ್ಲೇ ಬರೆಯಿರಿ. ಸೈಕಲ್ ಇಲ್ಲ, ಅಥವಾ ಮಗುವಿಗೆ ಇನ್ನೂ ತುಳಿಯಲು ಬರುವುದಿಲ್ಲ ಎಂದಾದರೂ ಸುಮ್ನೆ ಬರೆದು ತಿಳಿಸಿ, ಮುಜುಗರ ಬೇಡ. ಶಾಲೆಯಲ್ಲಿ ನಾಲ್ಕು ಸೈಕಲ್ ಇವೆ, ಸಂಜೆ ಮೈದಾನವೂ ಖಾಲಿ ಇರುತ್ತದೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ